ಮೂರು ಪಾಳಿಯ ಊಟ

ಚಪ್ಪಲಿ ಬಿಟ್ಟು ಹತ್ತಿದರೆ ತೂಕ ಎಷ್ಟು ಇಳಿದೀತು? ಕಿಸೆಯಲ್ಲಿರುವ ಕೀಲಿಗೊಂಚಲು ತೆಗೆದಿಟ್ಟರೆ? ಮೈಯೇ ಹೇಳುತ್ತಿರುವಾಗ ತೂಕದ ಕಾಟಾ ಬೇರೆ ಹೇಳುವುದೇನಿದೆ? ಹಳಿಯಾಳದ ದವಾಖಾನೆಯ ಬೆಂಚಿನ ಮೇಲೆ ಕುಳಿತ ಉಳವಪ್ಪನ ಯೋಚನೆ ಮುಗಿಯುತ್ತಲೇ ಇರಲಿಲ್ಲ. ತೂಕದ ಹೆದರಿಕೆ ಅವನಿಗೆ ಅಷ್ಟಿರಲಿಲ್ಲ. ಡಾಕ್ಟರು ಊಟದ ವಿಷಯ ಕೇಳಿದರೆ, ಪಕ್ಕದಲ್ಲಿ ಕೂತ ಹೆಂಡತಿ ಮಾಲವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾಳೆ. ಆಮೇಲೆ ಗಂಡನ ಕಾಲು ಕೆಡಿಸಿದವಳು ತಾನೇ ಎಂದು ಕೊರಗುತ್ತ ಕೂಡುತ್ತಾಳೆ. ಅದೊಂದು ಅವನಿಗೆ ಬೇಡವಾಗಿತ್ತು.

ಉಳವಪ್ಪ ಮೊದಲಿನಿಂದಲೂ ದಪ್ಪ ಮೈಯವನು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಜೊತೆಗೆ ದುಡಿಯುವ ಖಾಜಾಸಾಬ ಅವನನ್ನು ಕಂಡಾಗಲೆಲ್ಲ, "ಬಾರಪಾ ರೋಲು, ಸುತ್ತೂದು ಮುಗೀತೇನು?" ಎನ್ನುತ್ತಿದ್ದ. ಉಳವಪ್ಪನೂ ನಗುತ್ತಿದ್ದ. ಮೊಣಕಾಲು ಹಿಡಿದುಕೊಂಡಾಗ ಡಾಕ್ಟರು, "ತೂಕ ಇಳಿಸ್ಕೊಂಡ ಬರ್ರಿ, ಆಪರೇಷನ್ ಮಾಡೂಣು" ಎಂದಿದ್ದರು. ಅಷ್ಟರಲ್ಲಿ ಲಾಕ್‌ಡೌನ್ ಬಂತು.

ದಪ್ಪಗಿದ್ದವರಿಗೆ ರೋಗ ಬಂದರೆ ಕಷ್ಟ ಎಂದು ಟಿ.ವಿ.ಯಲ್ಲಿ ಕೇಳಿದ್ದೇ ತಡ, ಮಾಲವ್ವ ಅವನನ್ನು ಹೊಸ್ತಿಲು ದಾಟಗೊಡಲಿಲ್ಲ. ಮಿಲ್ಲಿನವರ ಮನೆಗಳಲ್ಲಿ ಗಡಿಯಾರ ನೋಡಿ ಉಣ್ಣುವ ರೂಢಿಯಿಲ್ಲ. ಗಂಡನ ಪಾಳಿಯ ಭೋಂಗಾ, ಎಂದರೆ ಮಿಲ್ಲಿನ ಸೈರನ್, ಕೂಗಿದರೆ ತಾಟು ಇಡುವುದು. ಈಗ ಗಂಡ ಯಾವ ಪಾಳಿಗೂ ಹೋಗುವುದಿಲ್ಲ, ಮನೆಯಲ್ಲೇ ಇದ್ದಾನೆ. ಮಿಲ್ಲಿನ ಭೋಂಗಾ ಮಾತ್ರ ಮೂರೂ ಪಾಳಿಗೆ ಕೂಗುತ್ತಲೇ ಇತ್ತು. ಹಾಗಾಗಿ ಮಾಲವ್ವ ಪ್ರತಿ ಭೋಂಗಾಕ್ಕೂ ತಾಟು ಇಡತೊಡಗಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಡುನಡುವೆ ಮಿರ್ಚಿ ಭಜಿ. ತೇರಗಾಂವದ ತವರಿನಿಂದ ಬೆಲ್ಲ ಬಂದರೆ ಮಾದಲಿ.

ಟಿ.ವಿ.ಯಲ್ಲಿ ಸುದ್ದಿ ಶುರುವಾದರೆ ಅವಳು ಎದ್ದು ಹೋಗಿ ರೊಟ್ಟಿ ಬಡಿಯುತ್ತಿದ್ದಳು. ಬಡಿಸಿ ಎದುರಿಗೇ ಕೂತು, "ಉಣ್ಣಾಕತ್ತಾರ ಅಂದ್ರ ಆರಾಮ ಅದಾರ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿ ಉಳವಪ್ಪ ಇನ್ನೊಂದು ರೊಟ್ಟಿ ಮುರಿಯುತ್ತಿದ್ದ.

ದವಾಖಾನೆಯಲ್ಲಿ ಈಗ ಅವರನ್ನು ಒಳಗೆ ಕರೆದರು. ಉಳವಪ್ಪ ಗಡಿಬಿಡಿಯಲ್ಲಿ ಚಪ್ಪಲಿ ಸಮೇತ ಕಾಟಾ ಹತ್ತಿದ.

"ಭಾಳ ಏರೈತಲ್ರಿ ಉಳವಪ್ಪ," ಎಂದರು ಡಾಕ್ಟರು. "ನೀವೊಬ್ಬರ ಅಲ್ಲ ಬಿಡ್ರಿ. ಮೊದಲ ದಪ್ಪ ಇದ್ದವರು ಭಾಳ ಮಂದಿ ಲಾಕ್‌ಡೌನಿನ್ಯಾಗ ಇನ್ನಷ್ಟ ದಪ್ಪ ಆಗ್ಯಾರ. ಅಡ್ಡಾಡೂದಿಲ್ಲ, ಅಂಜಿಕಿ ಬ್ಯಾರೆ. ಊಟ ಹೆಂಗಿತ್ತು?"

ಉಳವಪ್ಪ ಬಾಯಿ ತೆರೆಯುವ ಮೊದಲೇ ಮಾಲವ್ವ, "ಭೋಂಗಾ ಆದಾಗೊಮ್ಮೆ ಬಡಸ್ತಿದ್ನಿರಿ" ಎಂದಳು.

"ಯಾವ ಭೋಂಗಾ?"

"ಎಲ್ಲಾವೂ ರೀ."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ಅಲ್ಲವ್ವಾ, ಮಿಲ್ಲಿನ್ಯಾಗ ಮೂರ ಪಾಳಿಗೆ ಮೂರ ತಂಡ ಬರ್ತಾವ. ನಿಮ್ಮ ಮನ್ಯಾಗ ಮೂರೂ ಪಾಳಿ ಇವರೊಬ್ಬರ ಮಾಡ್ಯಾರಲ್ಲ!"

ನಗಲು ಹೊರಟ ಮಾಲವ್ವ ಅರ್ಧಕ್ಕೇ ನಿಂತಳು. ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ, "ಹಂಗಾರ ನಾನ..." ಎಂದಳು.

"ಅಕಿದೇನೂ ತಪ್ಪಿಲ್ರಿ," ಉಳವಪ್ಪ ದನಿ ಏರಿಸಿದ. "ಸಾಕು ಅಂದ್ರೂ ನಾನ ಕೇಳಿ ಕೇಳಿ ಹಾಕಿಸ್ಕೊಂಡೇನಿ. ನನ್ನ ಹಸಿವು ಅಂಥಾದ್ದು."

ಡಾಕ್ಟರು ಇಬ್ಬರ ಮುಖವನ್ನೂ ನೋಡಿ ಮುಂದೆ ಕೆದಕಲಿಲ್ಲ. ಕುರ್ಚಿಯಲ್ಲಿ ಕೂತು ಕಾಲಿಗೆ ಮಾಡುವ ವ್ಯಾಯಾಮ ತೋರಿಸಿದರು, ಏನು ಉಣ್ಣಬೇಕೆಂದು ಹೇಳಿದರು. "ಆಪರೇಷನ್ ತಪ್ಪಿಲ್ಲ, ಮುಂದ ಹೋಗೇತಿ ಅಷ್ಟ," ಎಂದು ಕಳಿಸಿಕೊಟ್ಟರು.

ಬಸ್ಸು ಹತ್ತಿದ ಮೇಲೆ ಮಾಲವ್ವನಿಗೆ ದನಿ ಬಂತು. "ಖರೇ ಹೇಳ್ರಿ, ಎಷ್ಟ ಕೇಳ್ತಿದ್ರಿ ನೀವು! ಬಡಿಸಿ ಬಡಿಸಿ ನನ್ನ ರಟ್ಟಿ ಬಿದ್ದಿದ್ವು. ನಾಳಿಂದ ನಿಮಗ ಜನರಲ್ ಶಿಫ್ಟ್. ಓವರ್‌ಟೈಮ್ ಬಂದ್!"

"ಆತ್ರಿ, ಸೂಪರ್‌ವೈಸರ್ ಸಾಹೇಬ್ರ."

ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ ಕಿಸಕ್ಕನೆ ನಕ್ಕಳು. ಮಾಲವ್ವ ಅವಳನ್ನೂ ಮಾತಿಗೆಳೆದು, ತನ್ನ ಗಂಡನ ಹೊಟ್ಟೆಬಾಕತನವನ್ನು ದಾಂಡೇಲಿ ಬರುವ ತನಕ ಬಣ್ಣಿಸಿದಳು. ಉಳವಪ್ಪ ಪ್ರತಿ ಮಾತಿಗೂ ತಲೆಯಾಡಿಸುತ್ತ, ಹೌದು ಹೌದು ಎನ್ನುತ್ತ ಹಾಯಾಗಿ ಕೂತಿದ್ದ.

ಆ ದಿನಗಳಲ್ಲಿ ತನಗೆ ಹಸಿವೇ ಆಗುತ್ತಿರಲಿಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.