ಕೋಳಿಗೆ ಹಾಕೋ ಪುಡಿ

"ಥೂ! ಮತ್ತೆ ಮಾಡ್ಕೊಂಡ್ಲಾ ಈ ಮುದುಕಿ? ಏಯ್, ಎಲ್ಲೇ ಸತ್ತೆ? ಬಂದು ಬಳಿಯೇ ನಿಮ್ಮತ್ತೆ ಹೇಲು!"

ಆಯಾ ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. ನಾನು ಬಕೆಟ್ಟು, ಬಟ್ಟೆ ಹಿಡಿದು ಓಡಿ ಬಂದೆ. ಅತ್ತೆ ಹೊದಿಕೆ ಎಳೆದು ಮುಖ ಮುಚ್ಚಿಕೊಂಡಿದ್ದಳು. ಪಕ್ಕದ ಮಂಚದಲ್ಲಿ ಭೇದಿಯಾದ ಮಗುವನ್ನು ಮಲಗಿಸಿಕೊಂಡಿದ್ದ ಹೆಂಗಸು ಆಚೆ ತಿರುಗಿದಳು. ಕೋಳಿ ಫಾರ್ಮಿನಲ್ಲಿ ಹಿಕ್ಕೆ ಬಾಚಿದ ಕೈ ನನ್ನದು, ಹೇಸಿಗೆಯೇನೂ ಆಗಲಿಲ್ಲ. ಆದರೆ ಅಷ್ಟು ಜನರ ಎದುರು ಅತ್ತೆಯ ತೊಡೆ ಒರೆಸುವುದಿದೆಯಲ್ಲ, ಆ ನಾಚಿಕೆ ಶತ್ರುವಿಗೂ ಬೇಡ. ಸ್ನಾನ ಮಾಡುವಾಗ ಮನೆಯ ಬೆಕ್ಕನ್ನೂ ಹೊರಗೆ ಹಾಕುತ್ತಿದ್ದವಳು ಇವಳು.

ಡಾಕ್ಟರಮ್ಮ ಬಂದು ಮಂಚದ ಪಕ್ಕ ನಿಂತಳು. "ಅಜ್ಜಿ, ಇರೋಬರೋ ಇಂಜೆಕ್ಷನ್ ಎಲ್ಲಾ ಹಾಕಾಯ್ತು. ನಿಮ್ಮ ಕರುಳಲ್ಲಿರೋ ಕ್ರಿಮಿ ಯಾವುದಕ್ಕೂ ಬಗ್ತಿಲ್ಲ. ಸುತ್ತಮುತ್ತಲ ಊರುಗಳಿಂದ್ಲೂ ಇದೇ ಕ್ರಿಮಿ ಬರ್ತಾ ಇದೆ. ಮುಂಚೆ ಏನು ಔಷಧಿ ತಗೋತಿದ್ರಿ ಹೇಳಿ, ಬೇರೆ ಏನಾದ್ರೂ ನೋಡಬಹುದು. ಇಲ್ಲಾಂದ್ರೆ ಉಳಿಯೋದು ಕಷ್ಟ."

"ಏನೂ ಇಲ್ಲ ಡಾಕ್ಟ್ರಮ್ಮ," ಎಂದಳು ಅತ್ತೆ, ಹೊದಿಕೆಯೊಳಗಿಂದಲೇ. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

ಸುಳ್ಳು. ಫಾರ್ಮಿನ ಕೂಲಿಯವರಿರುವ ಲೈನ್ ಮನೆಗಳಲ್ಲಿ ಹೊಟ್ಟೆ ಕೆಟ್ಟರೆ ಆಸ್ಪತ್ರೆಗೆ ಹೋಗುವವರು ಯಾರು? ಹೋದರೆ ಅವತ್ತಿನ ಕೂಲಿ ಖೋತಾ. ಕೋಳಿಗಳ ನೀರಿನ ಡ್ರಮ್ಮಿಗೆ ಕಲಸುವ ಔಷಧಿ ಪುಡಿಯಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದೆವು. ಶುರು ಮಾಡಿದವಳೇ ಅತ್ತೆ. "ಕೋಳಿಗೆ ಆಗೋದು ನಮಗಾಗಲ್ವಾ? ನಾವೇನು ಕೋಳಿಗಿಂತ ಕಡೆನಾ?" ಅಂದು ಎಲ್ಲರನ್ನೂ ನಗಿಸಿದ್ದಳು. ಓನರ್ ನೋಡಿಯೂ ನಕ್ಕಿದ್ದ. "ತಿನ್ರೇ ತಿನ್ರೇ, ನೀವೂ ಬೇಗ ತೂಕ ಬರ್ತೀರಿ."

ಡಾಕ್ಟರಮ್ಮ ಆಚೆ ಹೋದ ಮೇಲೆ ಕೇಳಿದೆ: "ಹೇಳಿಬಿಡ್ಲಾ ಅತ್ತೆ?"

"ಬಾಯಿ ಮುಚ್ಚೇ. ಹೇಲಲ್ಲಿ ಬಿದ್ದಿರೋದೇ ಸಾಲ್ದಾ? ಕೋಳಿ ಔಷಧಿ ತಿಂದೋಳು ಅಂತ ಬೇರೆ ನಗಬೇಕಾ ಊರು? ಸತ್ರೂ ಸರಿ, ಹೇಳಬೇಡ."

ಸಂಜೆ ಓನರ್ ಬಂದ. ಒಳಗೆ ಕಾಲಿಡದೆ, ಮೂಗಿಗೆ ಕರ್ಚೀಫು ಒತ್ತಿಕೊಂಡು ನನ್ನನ್ನು ಹೊರಗೆ ಕರೆದ.

"ಏನು ತಿಂದಿದ್ಲು ಅಂತ ಯಾರಾದ್ರೂ ಕೇಳಿದ್ರೆ ಅಂಗಡಿ ಮಾತ್ರೆ ಅನ್ನು. ಫಾರ್ಮಿನ ಹೆಸರು ಬಂತೋ, ಲೈನ್ ಮನೆ ಎಲ್ಲಾ ಖಾಲಿ ಮಾಡಿಸ್ತೀನಿ. ಪುಡಿ ಕದ್ದು ತಿಂದ್ರು ಅಂತ ಪೊಲೀಸಿಗೂ ಕೊಡ್ತೀನಿ, ಮುಂಡೇವಾ."

"ತಿನ್ನಿ ಅಂತ ನೀವೇ ಅಂದಿದ್ರಲ್ಲ ಸಾರ್?"

"ಹೇಲು ತಿನ್ನು ಅಂದ್ರೆ ತಿಂತೀಯೇನೇ?"

"ಇಲ್ಲ ಸಾರ್," ಅಂದೆ ತಲೆ ತಗ್ಗಿಸಿ. ಅಷ್ಟು ಅನ್ನಿಸಿಕೊಂಡೂ ಸಾರ್ ಅಂದೆನಲ್ಲ, ಥೂ ನನ್ನ ಬಾಯಿಗೆ! ಒಳಗೆ ಬಂದಾಗ ಅತ್ತೆಯ ಕೈ ತಣ್ಣಗಾಗಿತ್ತು. ಕರೆದರೆ ಬರೀ ಹೂಂಗುಟ್ಟಿದಳು. ಇವಳು ನಾಚಿಕೆಯಿಂದಲೇ ಸಾಯುತ್ತಾಳೆ ಅನ್ನಿಸಿತು.

ಬೆಳಗ್ಗೆ ಫಾರ್ಮಿಗೆ ಹೋಗಿ ಪುಡಿಯ ಅರ್ಧ ಚೀಲ ತಲೆಗೇರಿಸಿಕೊಂಡು ಹೊರಟೆ. ಮೇಸ್ತ್ರಿ ಗೇಟಿನಲ್ಲಿ ಅಡ್ಡ ಬಂದ.

"ಕಳ್ಳಮುಂಡೆ! ಇಳಿಸೇ ಕೆಳಗೆ!"

"ಹೌದೋ ಹಲ್ಕಟ್, ಕದ್ದಿದೀನಿ. ಕರ್ಕೊಂಡ್ ಬಾ ಹೋಗು ನಿನ್ನ ಓನರ್‌ನ."

ಅವನನ್ನು ಸರಿಸಿ ನಡೆದೆ. ಆಸ್ಪತ್ರೆಯವರೆಗೂ ಜನ ನೋಡಿದರು. ಚೀಲದ ಮೇಲೆ ಅಷ್ಟು ದೊಡ್ಡ ಕೋಳಿಯ ಚಿತ್ರ. ಡಾಕ್ಟರಮ್ಮ ಅತ್ತೆಯ ಮಂಚದ ಹತ್ತಿರವೇ ಇದ್ದಳು. ಚೀಲ ಅವಳ ಕಾಲ ಬಳಿ ಇಳಿಸಿದೆ.

"ನಮ್ಮತ್ತೆ ತಿಂದಿದ್ದು ಇದನ್ನ. ನಾನೂ ತಿಂದಿದೀನಿ, ನಮ್ಮ ಲೈನೆಲ್ಲಾ ತಿಂದಿದೆ. ಕೋಳಿಗಂತೂ ದಿನಾ ಹಾಕ್ತೀವಿ."

"ಕೋಳಿ ಔಷಧೀನಾ? ಅಯ್ಯೋ ನಿಮ್ಮ ಜನ್ಮಕ್ಕಿಷ್ಟು!" ಆಯಾ ಕಿಸಕ್ಕನೆ ನಕ್ಕಳು. ನನ್ನ ಕಿವಿಯವರೆಗೂ ಉರಿಯಿತು.

"ಮಾನ ಕಳೆದ್ಯಲ್ಲೇ," ಅತ್ತೆ ನರಳಿದಳು.

"ಮಾನ ಆಮೇಲೆ ನೋಡ್ಕೊಳ್ಳೋಣ. ಮೊದ್ಲು ನೀನು ಉಳ್ಕೋ."

ಡಾಕ್ಟರಮ್ಮ ನಗಲಿಲ್ಲ. ಚೀಲ ತಿರುಗಿಸಿ ಓದಿದಳು. "ನಾವು ಹಾಕಿದ್ದೂ ಇದೇ ಜಾತಿ ಔಷಧಿ. ಕೋಳಿ ಹೊಟ್ಟೇಲೂ ನಿಮ್ಮ ಹೊಟ್ಟೇಲೂ ಇರೋ ಕ್ರಿಮಿಗೆ ಇದು ಒಗ್ಗಿಹೋಗಿದೆ, ಅದಕ್ಕೇ ನಾಟಿಲ್ಲ. ಬೇರೆ ಒಂದಿದೆ, ತರಿಸ್ತೀನಿ. ಅದಾದ್ರೂ ನಾಟುತ್ತೋ ಇಲ್ವೋ, ಹೇಳಕ್ಕಾಗಲ್ಲ."

ಪಕ್ಕದ ಮಂಚದ ಹೆಂಗಸು ಎದ್ದು ಕೂತಿದ್ದಳು. ಅವಳು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

"ನೋಡಮ್ಮ, ನಿಮ್ಮ ಕೋಳಿ ಯಾವ ಅಂಗಡಿಗೆ ಹೋಗುತ್ತೆ?"

"ಎಲ್ಲಾ ಅಂಗಡಿಗೂ, ಅಕ್ಕಾ."

ಅವಳು ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟಳು.