ಮೈಲವ್ವ ತಂದ ಗಾಳಿ ದೋಣಿ

ನಾನು ಕರ್ಜಗಿಯ ಮೈಲವ್ವ. ಮೀನು ಹಿಡಿಯುವವರ ಮನೆಯವಳು. ಸಂಘದ ಅಕ್ಕತಂಗಿಯರೇ, ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಬೇರೆ ಯಾರದೋ ಹೆಸರು ಹಾಕಿ ಹೇಳೋಣ ಎಂದುಕೊಂಡಿದ್ದೆ. ಆದರೆ ಊರಿಗೆಲ್ಲ ಗೊತ್ತಿರುವ ಸಂಗತಿಗೆ ಮುಸುಕು ಹಾಕಿ ಏನು ಉಪಯೋಗ?

ಕೆರೆಯಲ್ಲಿ ಮೀನು ಹಿಡಿಯುವವರ ಪಾಡು ನಿಮಗೂ ಗೊತ್ತು. ಹರಿಗೋಲು ಎಲ್ಲರ ಬಳಿ ಇರುವುದಿಲ್ಲ. ಹೆಚ್ಚಿನವರು ಟ್ರ್ಯಾಕ್ಟರಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿ, ಮೇಲೊಂದು ಹಲಗೆ ಕಟ್ಟಿ, ಅದರ ಮೇಲೆ ಕುಳಿತು ಬಲೆ ಬಿಡುತ್ತಾರೆ. ನಮ್ಮ ಮನೆಯವರೂ ಹದಿನೈದು ವರ್ಷ ಹಾಗೆಯೇ ಮಾಡಿದರು. ಗಂಡನ ಹೆಸರು ಬಾಯಿಂದ ಹೇಳಬಾರದು ಎನ್ನುತ್ತಾರೆ, ಕಾಗದದಲ್ಲಿ ಬರೆದರೆ ನಡೆಯುತ್ತದೆಯಂತೆ. ಹುಲಿಗೇಶ. ಅವರ ಕಾಲು ಸದಾ ನೀರಿನಲ್ಲಿ. ಬೆರಳ ಸಂದಿಯಲ್ಲೆಲ್ಲ ಹುಣ್ಣು. ಟ್ಯೂಬು ಒಂದು ಕಡೆ ವಾಲಿತೋ, ಮನುಷ್ಯ ನೀರಿಗೆ.

ಹೋದ ವರ್ಷ ಯುಗಾದಿ ಮುಗಿದ ವಾರ ಪಕ್ಕದ ಮನೆಯ ಎಲ್ಲೇಶ ಒಂದು ಗಾಳಿ ದೋಣಿ ತಂದ. ಅಲ್ಲ, ತಂದವಳು ಅವನ ಹೆಂಡತಿ ಸುಶ್ಮಿತಾ. ಗಾಳಿ ತೆಗೆದು, ಮಡಚಿ, ಒಂದು ಚೀಲದಲ್ಲಿ ಹಾಕಿಕೊಂಡು ಹಾವೇರಿಯಿಂದ ಬಸ್ಸಿನಲ್ಲಿ ಬಂದಳು. ಕೆರೆಯ ದಂಡೆಯಲ್ಲಿ ಕಾಲುಪಂಪಿನಿಂದ ಗಾಳಿ ಹೊಡೆದರು. ಎಡಕ್ಕೊಂದು ಬಲಕ್ಕೊಂದು ಉದ್ದನೆಯ ದಪ್ಪ ಕೊಳವೆ, ನಡುವೆ ಎತ್ತರದ ಕುರ್ಚಿ, ಎರಡು ಹುಟ್ಟು. ಬಣ್ಣ ಮಾತ್ರ ಮಾಸಲು ಹಸಿರು.

ಆವತ್ತಿನಿಂದ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಎಲ್ಲೇಶ ಕೆರೆಯಿಂದ ಬರುವಾಗ ಅವನ ಪ್ಯಾಂಟು ಒಣಗಿರುತ್ತಿತ್ತು. ಆ ಒಣ ಪ್ಯಾಂಟು ನೋಡಿದರೆ ನನಗೆ ರೊಟ್ಟಿ ಸೇರುತ್ತಿರಲಿಲ್ಲ. ಸುಶ್ಮಿತಾ ನಗುತ್ತಾ ಮಾತಾಡಿಸಿದರೆ, ಇವಳು ನನ್ನನ್ನು ನೋಡಿಯೇ ನಗುತ್ತಿದ್ದಾಳೆ ಅನ್ನಿಸುತ್ತಿತ್ತು. ಪಾಪ, ಅವಳ ಮುಖವೇ ಹಾಗೆ.

ಒಂದು ದಿನ ಅವಳು ಹಾಲಿಗೆ ಹೆಪ್ಪು ಕೇಳಲು ಬಂದವಳು ಕಟ್ಟೆಯ ಮೇಲೆ ಕುಳಿತಳು.

"ಅಕ್ಕಾ, ಮಾಮಾಗೂ ಒಂದು ಗಾಳಿ ದೋಣಿ ತಗೊಂಬರ್ರಿ. ಎಷ್ಟ ದಿನಾ ಆ ಟ್ಯೂಬಿನ ಮ್ಯಾಲ ಕುಂದರತಾರ? ಆದ್ರ ಬಣ್ಣ ನೋಡಿ ತರಬ್ಯಾಡ್ರಿ. ಎರಡೂ ಕಡೆ ಬ್ಯಾರೆ ಬ್ಯಾರೆ ಗಾಳಿ ಖೋಲಿ ಇರಬೇಕ್ರಿ. ಒಂದು ಒಡದ್ರೂ ಇನ್ನೊಂದು ತೇಲಸತೈತಿ."

"ಆತ ಬಿಡ ಯವ್ವಾ. ಊರಾಗ ನೀ ಒಬ್ಬಾಕಿನ ಶಾಣ್ಯಾಕಿ" ಎಂದೆ.

"ಹಂಗಲ್ರಿ ಅಕ್ಕಾ. ಎಷ್ಟು ಭಾರ ಹೊರತೈತಿ ಅಂತ ಅದರ ಮ್ಯಾಲ ಬರದಿರತಾರ. ಮನಶ್ಯಾನ ಭಾರ ಅಷ್ಟ ಅಲ್ಲ, ಒದ್ದಿ ಬಲಿ, ಮೀನು ಎಲ್ಲಾ ಕೂಡಿಸಿ ನೋಡ್ರಿ. ತರೂ ಮುಂದ ಗಾಳಿ ತೆಗದು ಮಡಚಿ ತರ್ರಿ. ಮತ್ತ ಲೈಫ್ ಜಾಕೆಟ್ ಮರೀಬ್ಯಾಡ್ರಿ."

ಹೆಪ್ಪು ಕೊಟ್ಟು ಕಳಿಸಿದೆ. ಅವಳು ಹೊಸ್ತಿಲು ದಾಟಿದ್ದೇ ತಡ, ಗಂಡನ ಮುಂದೆ ಕುಳಿತೆ.

"ನೋಡ್ರಿ, ನಿನ್ನೆ ಮೊನ್ನೆ ಬಂದಾಕಿ ನಮಗ ಬುದ್ಧಿ ಹೇಳತಾಳ. ಅಕಿದಕ್ಕಿಂತ ದೊಡ್ಡದು ತರೂಣು."

"ದೊಡ್ಡದು ಯಾಕ ಬೇಕ? ಗಟ್ಟಿ ಇದ್ರ ಸಾಕಲ್ಲ" ಎಂದರು.

"ದೊಡ್ಡದ ಬೇಕು. ಕೆಂಪಂದು!"

ರಾಣೆಬೆನ್ನೂರಿನ ಒಂದು ಅಂಗಡಿಗೆ ಹೋದೆವು. ಎರಡು ಖೋಲಿಯ ಹಸಿರು ದೋಣಿ ಅಲ್ಲಿಯೂ ಇತ್ತು. ಅದರ ಪಕ್ಕದಲ್ಲಿ ಕೆಂಪಗೆ ಥಳಥಳ ಹೊಳೆಯುವ ದೊಡ್ಡದೊಂದು. ನನ್ನ ಕಣ್ಣು ಅದರ ಮೇಲೆ ನೆಟ್ಟಿತು.

ಅಂಗಡಿಯವ ಒಳ್ಳೆಯವ. "ಅಕ್ಕಾರ, ಇದು ಈಜೂ ಹೊಂಡದಾಗ ಹುಡುಗರು ಆಡೂದ್ರಿ. ಸುತ್ತ ಎಲ್ಲಾ ಒಂದ ಖೋಲಿ. ಬಲಿ ಬಿಡೋರು ಹಸರುದು ಒಯ್ಯಿರಿ" ಎಂದ.

"ಹಸರುದು ನಮ್ಮ ಓಣ್ಯಾಗ ಆಗಲೇ ಐತಿ" ಎಂದೆ. ನಮ್ಮ ಮನೆಯವರು ದುಡ್ಡು ಎಣಿಸಿ ಕೊಟ್ಟರು. ಲೈಫ್ ಜಾಕೆಟ್ ತೋರಿಸಿದಾಗ ಅವರೇ, "ನನಗ ಈಜು ಬರತೈತಿ, ಅದ್ಯಾಕ?" ಎಂದು ಪಕ್ಕಕ್ಕೆ ಸರಿಸಿದರು. ಆ ತಪ್ಪು ಅವರದು, ಅದನ್ನು ನನ್ನ ತಲೆಗೆ ಕಟ್ಟಿಕೊಳ್ಳುವುದಿಲ್ಲ.

ಇನ್ನು ಊರಿಗೆ ಒಯ್ಯಬೇಕು. ಮಡಚಿದರೆ ಒಂದು ಚೀಲ. ಚೀಲದಲ್ಲಿ ಒಯ್ದರೆ ದೊಡ್ಡದೋ ಸಣ್ಣದೋ, ಕೆಂಪೋ ಕರಿಯೋ, ಯಾರಿಗೆ ತಿಳಿಯುತ್ತದೆ? ಜಮೀರ್ ಎಂಬವನ ಪಂಕ್ಚರ್ ಅಂಗಡಿಗೆ ಹೋಗಿ, ಲಾರಿ ಗಾಲಿಗೆ ಗಾಳಿ ಹೊಡೆಯುವ ಯಂತ್ರದಿಂದಲೇ ಗಾಳಿ ತುಂಬು ಎಂದೆ.

"ಬ್ಯಾಡ್ರಿ ಅಕ್ಕಾರ" ಎಂದ ಜಮೀರ್. "ಬಿಸಲಾಗ ಒಳಗಿನ ಗಾಳಿ ಉಬ್ಬತೈತಿ. ಹೊಲಿಗಿ ಸಡ್ಲ ಆಕ್ಕಾವು. ಹಾದ್ಯಾಗ ಗಾಳಿ ಬೀಸಿದ್ರ ಹಾರಿ ಯಾರ ಮ್ಯಾಲಾದ್ರೂ ಬೀಳತೈತಿ. ಮಡಚಿ ಒಯ್ಯಿರಿ, ಕೆರಿ ದಂಡ್ಯಾಗ ಪಂಪ್ ಹೊಡೀರಿ."

"ನೀ ಗಾಳಿ ಹೊಡಿ ಮಾರಾಯಾ. ನೋಡೋರು ನೋಡಲಿ."

ಹೊಡೆದ. ಬಾಡಿಗೆಯ ಟಂಟಂ ಆಟೋ ಮೇಲೆ ಅದನ್ನು ಸಣ್ಣ ಹಗ್ಗದಲ್ಲಿ ಬಿಗಿದು ಕಟ್ಟಿ ಹೊರಟೆವು. ಟಂಟಂ ಚಿಕ್ಕದು, ದೋಣಿ ದೊಡ್ಡದು. ಹಿಂದಿನಿಂದ ನೋಡಿದವರಿಗೆ ದೋಣಿಯೇ ಓಡುತ್ತಿರುವಂತೆ ಕಂಡಿರಬೇಕು.

ಹೊಸ ಗಾಡಿ ತಂದವರು ಕದರಮಂಡಲಗಿಯ ಹನುಮಪ್ಪನ ಮುಂದೆ ಪೂಜೆ ಮಾಡಿಸುವುದು ನಮ್ಮ ಕಡೆಯ ರೂಢಿ. ಸುಶ್ಮಿತಾ ತನ್ನ ದೋಣಿಗೆ ಮನೆಯಲ್ಲೇ ಎರಡು ಹೂವು ಏರಿಸಿದ್ದಳು ಅಷ್ಟೆ. ಇಲ್ಲಿ ನಾನು ಬಿಡುತ್ತೇನೆಯೇ? ಗುಡಿಯ ಹೊರಗೆ ಟಂಟಂ ನಿಲ್ಲಿಸಲು ಹೇಳಿದೆ. ಹೂವಿನ ಹಾರ, ತೆಂಗಿನಕಾಯಿ, ನಿಂಬೆಹಣ್ಣು ಎಲ್ಲ ತಂದೆ. ಗಾಲಿಯೇ ಇಲ್ಲದ್ದಕ್ಕೆ ನಿಂಬೆಹಣ್ಣು ಎಲ್ಲಿಡುವುದು ಎಂದು ನಮ್ಮ ಮನೆಯವರು ಕೇಳಿದರು. ಟಂಟಂ ಗಾಲಿಗೇ ಇಡಿಸಿದೆ. ಅವರು ಕಾಯಿ ಒಡೆಯಲು ಆಚೆ ಹೋದರು. ನಾನು ಊದಿನಕಡ್ಡಿ ಹಚ್ಚಿ, ಬೆಳಗಿ, ಬೈಕಿಗೆ ಸಿಕ್ಕಿಸಿದ ಹಾಗೆ ದೋಣಿಯ ಪಕ್ಕದ ಹಗ್ಗಕ್ಕೆ ಸಿಕ್ಕಿಸಿದೆ.

ಗಾಳಿಗೆ ಕಡ್ಡಿ ವಾಲಿತು. ನಾನು ನೋಡುವಷ್ಟರಲ್ಲಿ ಕೆಂಪು ಮೈಗೆ ತಾಗಿ, ತೊಗರಿ ಬೇಳೆಯಷ್ಟು ಜಾಗ ಕಂದಿ ಕುಗ್ಗಿತ್ತು. ಬೆರಳಿಟ್ಟು ನೋಡಿದೆ. ತೂತು ಬಿದ್ದಿರಲಿಲ್ಲ. ಮೆತ್ತಗಾಗಿತ್ತು.

ಹಿಂದಿರುಗಿ ಜಮೀರ್‌ನ ಹತ್ತಿರ ಪಟ್ಟಿ ಹಚ್ಚಿಸಬಹುದಿತ್ತು. ಆದರೆ ಹೊಸ ದೋಣಿಗೆ ಪಟ್ಟಿ! ಸುಶ್ಮಿತಾ ಅದನ್ನು ನೋಡಿದರೆ? ಕುಂಕುಮದ ಪೊಟ್ಟಣ ಬಿಚ್ಚಿದೆ. ಕಂದಿದ ಜಾಗದ ಮೇಲೆ ದಪ್ಪಗೆ ಬಳಿದೆ. ಯಾರಿಗೂ ಸಂಶಯ ಬಾರದಿರಲಿ ಎಂದು ಅತ್ತಿತ್ತ ಇನ್ನೂ ನಾಲ್ಕು ಕಡೆ ಹಚ್ಚಿದೆ.

ನಮ್ಮ ಮನೆಯವರು ಕಾಯಿ ಹಿಡಿದು ಬಂದರು. "ಎಲ್ಲಾ ಛಲೋ ಆತಿಲ್ಲೋ?"

"ಆತ್ರಿ" ಎಂದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲದ ಗಾಡಿಗಳ ನಡುವೆ ನಮ್ಮ ಟಂಟಂ ಸಿಕ್ಕಿಕೊಂಡಿತು. ಒಬ್ಬ ಹಮಾಲ, "ಏನಬೇ ಅಕ್ಕಾ, ಬ್ಯಾಡಗ್ಯಾಗ ಹಡಗು ಬಂತಲ್ಲ!" ಎಂದು ಕೂಗಿದ. ಎಲ್ಲರೂ ನಕ್ಕರು. ನನಗೆ ಅದೂ ಹೊಗಳಿಕೆಯಾಗಿಯೇ ಕೇಳಿಸಿತು.

ಕರ್ಜಗಿಗೆ ಬಂದ ಮೇಲೆ ಟಂಟಂ ಅನ್ನು ಸುಶ್ಮಿತಾಳ ಮನೆಯ ಮುಂದೆ ಎರಡು ಸಲ ಓಡಿಸಲು ಹೇಳಿದೆ. ಅವಳು ಹೊರಗೆ ಬಂದು ದೋಣಿಯ ಮೇಲೆ ಕೈಯಿಟ್ಟಳು.

"ಅಕ್ಕಾ, ಭಾಳ ಬಿಗಿ ಆಗೈತ್ರಿ. ಸ್ವಲ್ಪ ಗಾಳಿ ಬಿಡ್ರಿ. ಮತ್ತ ಇದು ಒಂದ ಖೋಲೀದೈತಿ, ನಡು ಕೆರಿಗೆ ಒಯ್ಯಬ್ಯಾಡ್ರಿ."

"ಹೊಟ್ಟಿಕಿಚ್ಚು ಪಡಬ್ಯಾಡ, ಸುಶ್ಮಿತಾ" ಎಂದೆ. ಹೌದು, ನಾನೇ ಅವಳಿಗೆ ಈ ಮಾತು ಹೇಳಿದೆ! ಅವಳ ಮುಖ ಬಾಡಿತು. ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ನಮ್ಮ ಮನೆಯವರು ಬಲೆ ಹಾಕಿಕೊಂಡು ನಡು ಕೆರೆಗೆ ಹೋದರು. ನಾನು ದಂಡೆಯಲ್ಲಿದ್ದೆ. ಎಲ್ಲೇಶ ಮೀನು ಮಾರಲು ಹಾವೇರಿಗೆ ಹೋಗಿದ್ದ. ಸುಶ್ಮಿತಾ ಅನತಿ ದೂರದಲ್ಲಿ ತಮ್ಮ ದೋಣಿ ತೊಳೆಯುತ್ತಿದ್ದಳು.

ಇದ್ದಕ್ಕಿದ್ದಂತೆ ಫಟ್ ಎಂದು ಸದ್ದು. ದೋಣಿ ಮುಂದೆ ಹಿಂದೆ ಎರಡೂ ಕಡೆಯಿಂದ ಮಡಚಿಕೊಂಡು ಅವರನ್ನು ಒಳಗೆ ಎಳೆಯಿತು. ಈಜು ಬರುತ್ತಿತ್ತು, ಖರೆ. ಆದರೆ ಬಲೆ ಕಾಲಿಗೆ ಸುತ್ತಿಕೊಂಡಿತ್ತು. ತಲೆ ಒಮ್ಮೆ ಕಾಣಿಸಿತು. ಮತ್ತೆ ಕಾಣಿಸಲಿಲ್ಲ. ನನಗೆ ಈಜು ಬಾರದು. "ಯಾರರ ಬರ್ರೆಪ್ಪೋ!" ಎಂದು ಬಾಯಿ ಬಾಯಿ ಬಡಿದುಕೊಂಡೆ.

ಸುಶ್ಮಿತಾ ಲೈಫ್ ಜಾಕೆಟ್ ಬಿಗಿದುಕೊಂಡು ಆಗಲೇ ದೋಣಿ ನೀರಿಗೆ ತಳ್ಳಿದ್ದಳು. ಅವಳು ಹುಟ್ಟು ಹಾಕಿದ ರಭಸಕ್ಕೆ ನೀರು ಎರಡೂ ಕಡೆ ಚಿಮ್ಮುತ್ತಿತ್ತು. ಅವರ ತಲೆ ಮತ್ತೆ ಮೇಲೆದ್ದ ಕಡೆ ಹೋಗಿ ಹುಟ್ಟು ಚಾಚಿದಳು.

"ಮಾಮಾ, ನನ್ನ ಹಿಡೀಬ್ಯಾಡ್ರಿ, ಹುಟ್ಟು ಹಿಡೀರಿ! ಕಾಲು ಬಡೀಬ್ಯಾಡ್ರಿ!"

ದೋಣಿಯಲ್ಲಿದ್ದ ಚಾಕುವಿನಿಂದ ಬಲೆ ಕೊಯ್ದಳು. ಅವರನ್ನು ಎಳೆದುಕೊಂಡು ಬರುವಾಗ ನೀರೊಳಗಿನ ಬಳ್ಳಾರಿ ಜಾಲಿಯ ಮುಳ್ಳು ಅವಳ ದೋಣಿಯ ಎಡ ಕೊಳವೆಗೆ ನೆಟ್ಟಿತು. ಆ ಕಡೆ ಕುಸಿಯಿತು. ಆದರೆ ಬಲ ಕೊಳವೆ ಗಟ್ಟಿಯಾಗಿತ್ತು. ವಾಲಿಕೊಂಡೇ ಇಬ್ಬರನ್ನೂ ದಂಡೆಗೆ ತಂದಿತು.

ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದ ಮೇಲೆ ಹರಿದ ದೋಣಿಯನ್ನು ಅಂಗಳದಲ್ಲಿ ಹರಡಿ ನೋಡಿದೆವು. "ಬಿಸಲಿಗೆ ಒಡದಿರಬೇಕು" ಎಂದರು ನಮ್ಮ ಮನೆಯವರು. ಸುಶ್ಮಿತಾ ಬಗ್ಗಿ ಸೀಳಿದ ಜಾಗ ಮುಟ್ಟಿದಳು. ಕುಂಕುಮ ತೊಳೆದುಹೋಗಿತ್ತು. ಸೀಳಿನ ಬಾಯಿಯಲ್ಲಿ ಕಂದಿದ ಗುರುತು ಸ್ಪಷ್ಟವಾಗಿತ್ತು. ಅವಳು ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಬಾಯಿಬಿಟ್ಟು ಬೈದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

"ನಾನ ಊದಿನಕಡ್ಡಿ ತಾಗಿಸಿದ್ದೆ" ಎಂದೆ. "ತಾಗಿದ್ದು ಗೊತ್ತಿತ್ತು. ಇಕಿ ನೋಡಬಾರದು ಅಂತ ಕುಂಕುಮ ಬಳದೆ."

ನಮ್ಮ ಮನೆಯವರು ಸೀಳಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ನಾ ಮುಳುಗಿದ್ರೂ ಅಡ್ಡಿಯಿಲ್ಲ, ಇಕೀ ಮುಂದ ಸಣ್ಣಾಕಿ ಆಗಬಾರದು ಅಂದಿ. ಹೌದಿಲ್ಲೋ?"

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸುಶ್ಮಿತಾ ನನ್ನ ಪಕ್ಕದಲ್ಲಿ ಕುಳಿತು, "ಸಾಕ ಬಿಡ್ರಿ ಅಕ್ಕಾ, ಮಾಮಾ ಬಂದಾರಲ್ಲ" ಎಂದಳು.

ಮುಂದಿನ ತಿಂಗಳು ಮತ್ತೆ ದೋಣಿ ತರಲು ಅವಳನ್ನೇ ಕರೆದುಕೊಂಡು ಹೋದೆವು. ಎರಡು ಖೋಲಿಯದು ಆರಿಸಿದೆವು. ಹೊರುವ ಭಾರ ಓದಿಸಿಕೊಂಡೆವು. ಪಂಪು, ಪಟ್ಟಿ ಹಚ್ಚುವ ಸಾಮಾನು, ಲೈಫ್ ಜಾಕೆಟ್ ಜೊತೆಗೇ ತಂದೆವು. ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಬಂದೆವು, ಯಾರೂ ತಿರುಗಿ ನೋಡಲಿಲ್ಲ. ಮನೆಯಲ್ಲಿ ಗಾಳಿ ತುಂಬಿ, ಹೊಲಿಗೆಗೆ ಸಾಬೂನು ನೀರು ಸವರಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದ ಮೇಲೆಯೇ ನೀರಿಗೆ ಇಳಿಸಿದೆವು. ಈಗ ದಂಡೆಗೆ ಒಯ್ಯುವಾಗ ಇಬ್ಬರೂ ಎತ್ತಿ ಒಯ್ಯುತ್ತೇವೆ, ಕಲ್ಲುಮುಳ್ಳಿನ ಮೇಲೆ ಎಳೆಯುವುದಿಲ್ಲ. ಕೆಲಸ ಮುಗಿದ ಮೇಲೆ ಬಿಸಿಲಿಗೆ ಬಿಡದೆ ನೆರಳಿನಲ್ಲಿ ಒಣಗಿಸಿ, ಇಲಿ ಮುಟ್ಟದ ಕಡೆ ಮಡಚಿಡುತ್ತೇವೆ. ಪೂಜೆಯನ್ನೂ ಮಾಡುತ್ತೇನೆ. ಹೂವು ಅರಿಷಿಣ ಸಾಕು, ಬೆಂಕಿ ದೂರ. ಲೈಫ್ ಜಾಕೆಟ್ ಹಾಕದಿದ್ದರೆ ನಮ್ಮ ಮನೆಯವರಿಗೆ ಬುತ್ತಿ ಕಟ್ಟುವುದಿಲ್ಲ.

ಅಕ್ಕತಂಗಿಯರೇ, ಹೊಟ್ಟೆಕಿಚ್ಚು ಪಡಬೇಡಿ ಎಂದು ನಾನು ಹೇಳಲಾರೆ. ಸುಳ್ಳಾಗುತ್ತದೆ. ಮೊನ್ನೆ ಸುಶ್ಮಿತಾಳ ಮನೆಯವರ ಬಲೆಗೆ ದೊಡ್ಡ ಕಾಟ್ಲಾ ಮೀನು ಬಿದ್ದಾಗ ನನಗೆ ಮತ್ತೆ ರೊಟ್ಟಿ ಸೇರಲಿಲ್ಲ. ಕಿಚ್ಚು ಬಂದರೆ ಬರಲಿ. ಆದರೆ ತಿಳಿದವರು ಹೇಳಿದ್ದನ್ನು ಕೇಳಿ, ಅವರು ಪಕ್ಕದ ಮನೆಯವರಾದರೂ ಕೇಳಿ. ನಿಮ್ಮ ಮನೆಯವರು ನೀರಿಗೆ ಇಳಿಯುವ ಟ್ಯೂಬೋ ದೋಣಿಯೋ ಇದೆಯಲ್ಲ, ಇವತ್ತೇ ಅದನ್ನು ಸುತ್ತ ಮುಟ್ಟಿ ನೋಡಿ. ಕುಂದು ಕಂಡರೆ ಮುಚ್ಚಬೇಡಿ, ಬಾಯಿಬಿಟ್ಟು ಹೇಳಿ. ಅದರ ಮೇಲೆ ಕೂರುವವರು ನಿಮ್ಮವರು.