ಬಿಳಿ ಕೊಲ್ಲಿಯ ಹಳೆಯ ಕೊನೆ

ನಿನ್ನೆ ಬರೆದ ಆ ಎರಡು ಸಾಲು ಯಾವ ಬಾಗಿಲಿನಿಂದ ಆಚೆ ಹೋಯಿತು ಎನ್ನುವುದು ಹಿಸಾನೊಗೆ ಗೊತ್ತಿತ್ತು. ಯಾರ ಕಣ್ಣಿಗೆ ಬಿತ್ತು ಎನ್ನುವುದು ಗೊತ್ತಿರಲಿಲ್ಲ. ಕಂಡಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಏನಾದರೂ ಅಂದಿರುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಂಡಳು. ಮರುಕ್ಷಣವೇ, ಕಂಡವರು ಏನೂ ಅನ್ನದೆ ಸುಮ್ಮನಿರುವುದೇ ತನ್ನ ಜನರ ರೂಢಿ ಎನ್ನುವುದೂ ನೆನಪಾಗಿ, ಸಮಾಧಾನ ಅಲ್ಲಿಗೇ ಮುರಿದುಬಿತ್ತು.

ಅವಳ ವಯಸ್ಸಿನ ಎಲ್ಲರಂತೆ ಅವಳಿಗೂ ಫೋನಿನಲ್ಲಿ ಎರಡು ಖಾತೆಗಳಿದ್ದವು. ಒಂದು ಹೆಬ್ಬಾಗಿಲು, ಇನ್ನೊಂದು ಹಿತ್ತಿಲು. ಹೆಬ್ಬಾಗಿಲಲ್ಲಿ ಅವಳ ಹೆಸರು ಶಿಜಿಮಿ. ಅವರ ಊರು ಮಾತ್ಸುಎಯ ಸರೋವರದ ಕೆಸರಿನಲ್ಲಿ ಸಿಗುವ, ಸಾರು ಕುದಿಯುವವರೆಗೂ ಬಾಯಿ ಬಿಡದ ಪುಟ್ಟ ಕರಿ ಚಿಪ್ಪಿನ ಹೆಸರದು. ಅಲ್ಲಿ ಅವಳು ಬೇರೆಯವರ ಚಿತ್ರಗಳಿಗೆ ‘ಚೆನ್ನಾಗಿದೆ’ ಎನ್ನುತ್ತಿದ್ದಳು, ಹಬ್ಬಕ್ಕೆ ಶುಭ ಕೋರುತ್ತಿದ್ದಳು. ಹಿತ್ತಿಲಿಗೆ ಹೆಸರೂ ಇರಲಿಲ್ಲ, ಓದುವವರೂ ಇರಲಿಲ್ಲ. ಮನಸ್ಸಿನ ಕಸವನ್ನೆಲ್ಲ ಅವಳು ಅಲ್ಲಿಗೇ ಸುರಿಯುವುದು. ನಿನ್ನೆ ತಾನು ಕೆಲಸ ಮಾಡುವ ಸಿಹಿತಿಂಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೆರಳಿಗೆ ಅಂಟಿದ ಅಕ್ಕಿಹಿಟ್ಟನ್ನು ಸರಿಯಾಗಿ ಒರೆಸಿಕೊಳ್ಳದೆ, ಬಿಡುವಿನಲ್ಲಿ ಅವಳು ಬರೆದದ್ದು ಇಷ್ಟೇ: ‘ಅಕ್ಕ ಮರಳಿ ಬರುವ ಆ ಕೊನೆ ಸುಳ್ಳು. ಇಷ್ಟು ವರ್ಷ ಉರಿದ ದೀಪಕ್ಕೆ ಅವಮಾನ.’ ಮತ್ತೆ ಕೆಲಸಕ್ಕೆ ಕೂತು ಪೆಟ್ಟಿಗೆಗಳಿಗೆ ಕಾಗದ ಸುತ್ತುತ್ತಿದ್ದಾಗ ಏನೋ ಅನುಮಾನ ಬಂದು ನೋಡಿದರೆ, ಮಾತು ಹೆಬ್ಬಾಗಿಲಿನಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿತ್ತು. ಅಳಿಸಿದಳು. ಅಳಿಸಿದ ಮೇಲೆ ಬೆರಳಿನ ಹಿಟ್ಟನ್ನು ಸರಿಯಾಗಿ ಒರೆಸಿಕೊಂಡಳು.

ಮೊದಲೇ ಒರೆಸಿಕೊಂಡಿದ್ದರೆ ಒಳ್ಳೆಯದಿತ್ತು, ಎಂದುಕೊಂಡಳು ಈಗ ಯೊನಾಗೊ ಕಡೆಗೆ ಹೋಗುವ ರೈಲಿನ ಕಿಟಕಿಗೆ ಹಣೆ ಒತ್ತಿ.

‘ಬಿಳಿ ಕೊಲ್ಲಿ’ ಎನ್ನುವುದು ಅವಳು ಚಿಕ್ಕವಳಿದ್ದಾಗ ಬಂದ ವಿಡಿಯೋ ಗೇಮ್. ಅದರಲ್ಲಿ ಯುದ್ಧವಿಲ್ಲ, ಅಂಕಗಳಿಲ್ಲ. ದ್ವೀಪವೊಂದರ ದೀಪಸ್ತಂಭದಲ್ಲಿ ಇಬ್ಬರು ಅಕ್ಕತಂಗಿಯರು. ಒಂದು ಮುಂಜಾನೆ ಅಕ್ಕ ದೋಣಿ ಹತ್ತಿ ಹೋಗುತ್ತಾಳೆ. ಆಡುವವರು ತಂಗಿಯಾಗಿ ದಿನವೂ ಮೀನು ಒಣಗಿಸಬೇಕು, ನೀರು ಸೇದಬೇಕು, ಸಂಜೆ ಮೆಟ್ಟಿಲು ಹತ್ತಿ ದೀಪ ಹಚ್ಚಬೇಕು. ಕೊನೆಯ ಸಂಜೆ ದೀಪ ಹಚ್ಚಿದೊಡನೆ ಪರದೆ ಬೆಳ್ಳಗಾಗುತ್ತದೆ. ಅಲೆಗಳ ಸದ್ದು ಮಾತ್ರ ಕೇಳುತ್ತಿರುತ್ತದೆ. ಆಮೇಲೆ ಏನೂ ಇಲ್ಲ. ಮಾಡಿದವರ ಹೆಸರೂ ಬರುವುದಿಲ್ಲ. ಆಡುತ್ತಿದ್ದವರೇ ಎದ್ದು ಆಫ್ ಮಾಡಬೇಕು. ಆಟ ಕೆಟ್ಟಿದೆಯೆಂದು ಅಂಗಡಿಗೆ ಒಯ್ದು ಜಗಳವಾಡಿದವರಿದ್ದರು.

ಹಿಸಾನೊ ಅದನ್ನು ಆಡಿದ್ದು ಅಕ್ಕ ನಾಗಿಸಾಳ ಜೊತೆ. ಬಿಳಿ ಪರದೆಯ ಮುಂದೆ ಇಬ್ಬರೂ ಹೊದಿಕೆಯೊಳಗೆ ಕಾಲು ಚಾಚಿಕೊಂಡು, ಮಿಕಾನ್ ಹಣ್ಣು ಸುಲಿದು ತಿನ್ನುತ್ತ ಕಾದರು. ಸಿಪ್ಪೆಯ ಗುಡ್ಡೆ ಬೆಳೆಯಿತು. ಅಮ್ಮ ಊಟಕ್ಕೆ ಕೂಗಿದಳು. “ಇಷ್ಟೇನಾ? ಮೋಸ ಕಣೇ ಇದು,” ಎಂದು ಅಕ್ಕ ನಕ್ಕು, ಕಾಲ್ಬೆರಳಿನಿಂದಲೇ ಆಫ್ ಮಾಡಿದಳು.

ಆ ಕೊನೆಯನ್ನು ಅಷ್ಟು ಹಳಿದ ಅಕ್ಕನೇ ಇಪ್ಪತ್ತು ತುಂಬಿದ ವರ್ಷ ಒಂದು ಮುಂಜಾನೆ ಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೋದಳು. ಜಗಳ ಆಗಿರಲಿಲ್ಲ. ಫುಕುಒಕಾದಲ್ಲಿ ಯಾರೋ ಕಂಡರಂತೆ ಎನ್ನುವ ಮಾತೊಂದು ಬಂತು, ಆಮೇಲೆ ಅದೂ ಬರಲಿಲ್ಲ. ಮನೆಯಲ್ಲಿ ಯಾರೂ ಆ ಹೆಸರೆತ್ತುವುದಿಲ್ಲ. ಆದರೆ ಬಾಗಿಲ ಹೊರಗಿನ ದೀಪವನ್ನು ಯಾರೂ ಆರಿಸುವುದಿಲ್ಲ. ಅದು ಸುಟ್ಟುಹೋದರೆ, ಒಂದು ಲೋಟವನ್ನೂ ತಾನಾಗಿ ತೊಳೆಯದ ಅಪ್ಪ ಏಣಿ ತಂದು ಬದಲಿಸುತ್ತಾನೆ.

ಈಗ, ಇಷ್ಟು ವರ್ಷದ ಮೇಲೆ, ಆಟದ ರಿಮೇಕ್ ಬಂದಿತ್ತು. ಹೊಸ ಬಣ್ಣ, ಹೊಸ ದನಿ, ಹೊಸ ಕೊನೆ. ಅದರಲ್ಲಿ ಅಕ್ಕ ಮರಳಿ ಬರುತ್ತಾಳೆ.

ಯೊನಾಗೊ ನಿಲ್ದಾಣದ ಎದುರಿನ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕರಾಒಕೆ ಕೋಣೆಯಲ್ಲಿ ಆಟದ ಅಭಿಮಾನಿಗಳ ಕೂಟದ ಉಳಿದ ಮೂವರು ಆಗಲೇ ಬಂದಿದ್ದರು. ಹಾಡಲಿಕ್ಕಲ್ಲ. ಅಲ್ಲಿಯ ದೊಡ್ಡ ಪರದೆಗೆ ತಮ್ಮ ಯಂತ್ರ ಜೋಡಿಸಿ, ಹೊಸ ಕೊನೆಯನ್ನು ಒಟ್ಟಿಗೆ ನೋಡುವುದಕ್ಕೆ. ಈ ಕೂಟದಲ್ಲಿ ಯಾರಿಗೂ ಯಾರ ನಿಜ ಹೆಸರೂ ಗೊತ್ತಿಲ್ಲ, ಕೇಳುವುದೂ ಇಲ್ಲ; ಖಾತೆಯ ಹೆಸರಿಗೇ ಗೌರವದ ‘ಸಾನ್’ ಸೇರಿಸಿ ಕರೆಯುವುದು. ಹಿರಿಯರಾದ ತೋಫು-ಸಾನ್‌ಗೆ ಲಾಂಡ್ರಿ ಅಂಗಡಿ. ಅಕ್ಕ ಮರಳಿ ಬರಬೇಕು ಎಂದು ಅಭಿಮಾನಿಗಳ ಸಹಿ ಸಂಗ್ರಹಿಸಿ ಕಂಪನಿಗೆ ವರ್ಷ ವರ್ಷ ಕಳಿಸುತ್ತಿದ್ದವರು ಅವರೇ. ಕಾನಿ-ಸಾನ್ ನಗರದ ಬಸ್ಸು ಓಡಿಸುವ ಹೆಂಗಸು. ಎಲ್ಲಿ ಕೂತರೂ ಹಿಂದಿನ ಸೀಟಿಗೆ ಕೇಳಿಸುವಂತೆಯೇ ಮಾತು. ಗೊಬೊ-ಸಾನ್ ಹೆಸರಿಗೆ ತಕ್ಕಂತೆ ಗೊಬೊ ಎನ್ನುವ ತರಕಾರಿ ಬೇರಿನ ಹಾಗೆ ಉದ್ದ, ಒಣಕಲು. ಯಾವುದನ್ನೂ ಒಂದೇ ಏಟಿಗೆ ಒಪ್ಪಿದವರಲ್ಲ. ತಿಂಗಳಿಗೊಮ್ಮೆ ಇವರ ಜೊತೆ ಕಳೆಯುವ ಭಾನುವಾರ ಬಿಟ್ಟರೆ ಹಿಸಾನೊಳನ್ನು ಶಿಜಿಮಿ ಎಂದಾದರೂ ಹೆಸರು ಹಿಡಿದು ಕರೆದು “ಬಂದ್ರಾ” ಎನ್ನುವವರು ಬೇರೆ ಇರಲಿಲ್ಲ. ಕಾಲೇಜಿನ ಗೆಳತಿಯರೆಲ್ಲ ಒಸಾಕಾ, ತೋಕಿಯೋ ಸೇರಿದ್ದರು.

“ಶಿಜಿಮಿ-ಸಾನ್, ನಿನ್ನೆ...” ಎಂದರು ಕಾನಿ-ಸಾನ್, ಅವಳು ಬಾಗಿಲು ತೆರೆದ ಕೂಡಲೇ.

ಹಿಸಾನೊಳ ಕೈ ಚೀಲದ ಪಟ್ಟಿಯ ಮೇಲೆ ನಿಂತಲ್ಲೇ ನಿಂತಿತು.

“...ನಿನ್ನೆ ನಿಮ್ಮ ಕಡೆ ಗಾಳಿ ಜೋರಂತಲ್ಲ. ರೈಲು ನಿಲ್ಲಿಸಿದ್ರೆ ಹೆಂಗೆ ಬರ್ತೀರೋ ಅನ್ಕೊಂಡೆ. ಕೂತ್ಕೊಳ್ಳಿ, ಕೂತ್ಕೊಳ್ಳಿ. ಮುಖ ಯಾಕೆ ಹಂಗೆ ಬಿಳುಚಿದೆ?”

“ರೈಲಲ್ಲಿ ಸ್ವಲ್ಪ...” ಎಂದಳು ಹಿಸಾನೊ. ವಾಕ್ಯವನ್ನು ಮುಗಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ತಂದಿದ್ದ ಸಿಹಿಯ ಪೊಟ್ಟಣ ಬಿಚ್ಚಿ ಎಲ್ಲರ ಮುಂದಿಟ್ಟಳು. ಗೊಬೊ-ಸಾನ್ ಒಂದನ್ನು ಬಾಯಿಗೆ ಹಾಕಿಕೊಂಡು, “ರಿಮೇಕಲ್ಲಿ ಮೆಟ್ಟಿಲು ಹತ್ತೋದನ್ನ ಹಾರಿಸ್ಬಹುದಂತೆ, ಒಂದು ಗುಂಡಿ ಒತ್ತಿದ್ರೆ ಮೇಲೆ. ಮೆಟ್ಟಿಲು ಹತ್ತದೆ ಹಚ್ಚಿದ್ರೆ ಅದು ದೀಪ ಅಲ್ರೀ, ಸ್ವಿಚ್ಚು,” ಎಂದರು.

“ನಿಮ್ಮ ಮಂಡಿ ನೋವಿಗೆ ಆ ಗುಂಡಿನೇ ಸರಿ,” ಎಂದರು ಕಾನಿ-ಸಾನ್.

“ನಗ್ಬೇಡಿ. ಹೀಗೇ ಬಿಟ್ರೆ ಎರಡನೇ ಭಾಗದಲ್ಲಿ ಮಾಡಿದ ಹಾಗೆ...”

ಮೂವರೂ ಒಟ್ಟಿಗೆ ತಿರುಗಿ ನೋಡಿದರು. ಗೊಬೊ-ಸಾನ್ ನಾಲಿಗೆ ಕಚ್ಚಿಕೊಂಡರು.

“ಯಾವ ಎರಡನೇ ಭಾಗ?” ಎಂದರು ತೋಫು-ಸಾನ್ ಮುಗ್ಧರಂತೆ. “ಅಂಥದ್ದೊಂದು ಇದೆಯಾ? ನಾನಂತೂ ಕೇಳಿಲ್ಲ.”

ತಂಗಿಯ ಕೈಗೆ ಬಂದೂಕು ಕೊಟ್ಟು ಸಮುದ್ರದ ಭೂತಗಳ ಮೇಲೆ ಬಿಟ್ಟಿದ್ದ ಆ ಮುಂದುವರಿದ ಭಾಗ ಹುಟ್ಟಿಯೇ ಇಲ್ಲ ಎನ್ನುವುದು ಕೂಟದ ಒಪ್ಪಂದ. ಅದರ ಹೆಸರೆತ್ತಿದವರು ಕೆಳಗೆ ಹೋಗಿ ಎಲ್ಲರಿಗೂ ಕುಡಿಯಲು ಏನಾದರೂ ತರಬೇಕು. ಗೊಬೊ-ಸಾನ್ ತಟ್ಟೆ ಹಿಡಿದು ಎದ್ದರು. ಬೇರೆ ದಿನವಾಗಿದ್ದರೆ ಹಿಸಾನೊಳೂ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದಳು. ಇವತ್ತು ಅವಳಿಗೆ ಬೇರೆಯೇ ಕಂಡಿತು. ಇವರಿಗೆ ಬೇಡವಾದದ್ದು ಎಷ್ಟು ಸಲೀಸಾಗಿ ಇಲ್ಲವಾಗಿಬಿಡುತ್ತದೆ. ನಾಳೆ ‘ಯಾವ ಶಿಜಿಮಿ?’ ಎನ್ನುವುದಕ್ಕೆ ಎಷ್ಟು ಹೊತ್ತು?

ಗೊಬೊ-ಸಾನ್ ಹಸಿರು ಸೋಡಾಗಳನ್ನು ತಂದು ಇಡುವಷ್ಟರಲ್ಲಿ ಕಾನಿ-ಸಾನ್ ಇನ್ನೊಂದು ಮಾತು ತೆಗೆದರು.

“ನಿನ್ನೆ ಡಿಪೋದಲ್ಲಿ ಫೋನ್ ನೋಡ್ತಿದ್ದೆ. ನಮ್ಮವರ ಪೋಸ್ಟುಗಳ ನಡುವೆನೇ ಯಾರೋ ಬರೆದಿದ್ರು, ‘ದೀಪಕ್ಕೆ ಅವಮಾನ’ ಅಂತ. ಯಾರಪ್ಪಾ ಅಂತ ಮೇಲೆ ಸರಿಸಿ ನೋಡೋದ್ರೊಳಗೆ ಮಾಯ. ಗೊಬೊ-ಸಾನ್, ನೀವೇ ತಾನೇ?”

“ನಾನಾಗಿದ್ರೆ ಅಳಿಸ್ತಿರ್ಲಿಲ್ಲ,” ಎಂದರು ಗೊಬೊ-ಸಾನ್.

“ಒಪ್ಕೊಳ್ಳಿ ಪರವಾಗಿಲ್ಲ. ಬರಿಯೋಕೆ ಇದ್ದ ಧೈರ್ಯ ಬಿಡೋಕೆ ಇರ್ಲಿಲ್ಲ, ಅಷ್ಟೇ ತಾನೇ?”

“ಅಳಿಸ್ತಿರ್ಲಿಲ್ಲ ಅಂದ್ನಲ್ಲ.” ಅವರ ದನಿಯಲ್ಲಿ ಈಗ ತಮಾಷೆ ಕಡಿಮೆಯಾಗಿತ್ತು. ತೋಫು-ಸಾನ್ ತಂತಿಗಳನ್ನು ಜೋಡಿಸುತ್ತ ಪರದೆಯ ಹಿಂದೆ ಬಗ್ಗಿದ್ದರು. ಅವರಿಗೆ ಗೊತ್ತಿದೆಯೋ, ಗೊತ್ತಿಲ್ಲವೋ. ಬಗ್ಗಿದವರ ಬೆನ್ನು ಏನನ್ನೂ ಹೇಳುವುದಿಲ್ಲ. ‘ನಾನೇ ಬರೆದದ್ದು’ ಎನ್ನಬೇಕು, ಈಗಲೇ ಎನ್ನಬೇಕು ಎಂದುಕೊಂಡು ಹಿಸಾನೊ ಸೋಡಾದ ಕೊಳವೆಯನ್ನು ಬಾಯಿಗಿಟ್ಟುಕೊಂಡಳು. ಮಾತಿನ ಜಾಗಕ್ಕೆ ಸಿಹಿನೀರು ಇಳಿಯಿತು.

ಕೋಣೆಯ ದೀಪ ತಗ್ಗಿಸಿದರು.

ಪರದೆಯ ಮೇಲೆ ತಂಗಿ ಮೆಟ್ಟಿಲು ಹತ್ತಿದಳು. ತೋಫು-ಸಾನ್ ಹಾರಿಸುವ ಗುಂಡಿ ಒತ್ತಲಿಲ್ಲ, ಪೂರ್ತಿ ಹತ್ತಿಸಿದರು. ದೀಪ ಹೊತ್ತಿತು. ಪರದೆ ಬೆಳ್ಳಗಾಯಿತು. ಹಿಸಾನೊ, ಮನೆಯಲ್ಲಿ ಒಮ್ಮೆ ನೋಡಿದ್ದರೂ, ಇಲ್ಲಿಗೇ ನಿಲ್ಲಬಹುದೇನೋ ಎಂದು ಉಸಿರು ಹಿಡಿದಳು. ನಿಲ್ಲಲಿಲ್ಲ. ಬಿಳುಪು ಮಂಜಾಗಿ ಕರಗಿ, ಅದರೊಳಗಿಂದ ದೋಣಿ ಬಂತು. ಅಕ್ಕ ಇಳಿದಳು. ಅಳುವಿನ ಹದಕ್ಕೆ ತೀಡಿದ ದನಿಯಲ್ಲಿ, ತಾನು ಹೋದದ್ದು ಯಾಕೆ, ಬರದೆ ಇದ್ದದ್ದು ಯಾಕೆ, ಪ್ರತಿ ಸಂಜೆ ದೂರದಿಂದ ಆ ಬೆಳಕನ್ನು ಹೇಗೆ ನೋಡುತ್ತಿದ್ದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಎಲ್ಲದಕ್ಕೂ ಕಾರಣವಿತ್ತು. ತಂಗಿ ಎಲ್ಲಕ್ಕೂ ತಲೆಯಾಡಿಸಿದಳು. ಸಂಗೀತ ಎದ್ದಿತು.

ಕಾನಿ-ಸಾನ್ ಮೂಗು ಒರೆಸಿಕೊಳ್ಳುವ ಸದ್ದು ಬಂತು. ಗೊಬೊ-ಸಾನ್ ಕೂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಉಜ್ಜಿದರು. ತೋಫು-ಸಾನ್ ಎರಡೂ ಕೈ ತೊಡೆಯ ಮೇಲಿಟ್ಟು, ದೇವಾಲಯದಲ್ಲಿ ಕೂತವರಂತೆ ನೆಟ್ಟಗೆ ಕೂತಿದ್ದರು.

“ನಮ್ಮ ಮನೆಯವಳು ಕಾಯಿಲೆ ಬಿದ್ದು ಮಲಗಿದ್ದಾಗ ಈ ಆಟ ಆಡ್ತಿದ್ಳು,” ಎಂದರು ಅವರು, ಆಟ ಮಾಡಿದವರ ಹೆಸರುಗಳು ಪರದೆಯಲ್ಲಿ ಮೇಲೇರುತ್ತಿದ್ದಾಗ. “ಆ ಕೊನೆ ನೋಡಿ ಬೇಜಾರು ಮಾಡ್ಕೊಂಡ್ಳು. ಆ ಹುಡುಗಿ ಒಬ್ಳೇ ಉಳಿದ್ಳಲ್ಲ ಅಂತ ಕೊರಗ್ತಾನೇ ಹೋಗ್ಬಿಟ್ಳು. ಅದಕ್ಕೇ ನಾನು ಅಷ್ಟು ವರ್ಷ ಆ ಸಹಿ ಅದೂ ಇದೂ ಅಂತ.” ಅವರು ತಮ್ಮ ಚೀಲ ಎಳೆದುಕೊಂಡರು. “ಸರಿ. ಬರೆಯೋಣ.”

ಚೀಲದಿಂದ ಅವರು ತೆಗೆದದ್ದು ಹೊನ್ನಂಚಿನ ಚೌಕನೆಯ ಬಿಳಿ ರಟ್ಟು. ಕೆಲಸ ಬಿಟ್ಟು ಹೋಗುವವರಿಗೆ, ಮದುವೆಯಾಗುವವರಿಗೆ ಎಲ್ಲರೂ ಸುತ್ತಲೂ ಒಂದೊಂದು ಮಾತು ಬರೆದು ಕೊಡುವಂಥದ್ದು. ಇದು ಆಟ ಮಾಡಿದವರಿಗೆ. ನಡುವೆ ಕಾನಿ-ಸಾನ್ ಮೊದಲೇ ದೀಪಸ್ತಂಭ ಬರೆದು ಕೊಟ್ಟಿದ್ದರು. ಅವರು ತಮ್ಮ ಮಾತು ಬರೆದರು. ‘ಕಾದದ್ದಕ್ಕೆ ಫಲ ಸಿಕ್ಕಿತು.’ ಗೊಬೊ-ಸಾನ್ ಬಹಳ ಯೋಚಿಸಿ ‘ಮೆಟ್ಟಿಲುಗಳನ್ನು ಉಳಿಸಿದ್ದಕ್ಕೆ ಧನ್ಯವಾದ’ ಎಂದು ಬರೆದು, ಮೇಲೆ ನೋಡಿ, “ಕುಹಕ ಅಲ್ಲ,” ಎಂದರು. ರಟ್ಟು ಹಿಸಾನೊಳ ಮುಂದೆ ಬಂತು.

ಎಡಗಡೆಯ ಮೂಲೆ ಅವಳದು. ಪೆನ್ನಿನ ಮುಚ್ಚಳ ತೆಗೆದಳು. ‘ಚೆನ್ನಾಗಿದೆ’ ಎಂದು ಬರೆದರೆ ಮುಗಿಯಿತು. ಆ ಪದವನ್ನು ಅವಳ ಕೈ ಕಣ್ಣುಮುಚ್ಚಿಯೂ ಬರೆಯಬಲ್ಲದು. ತುದಿ ರಟ್ಟಿಗೆ ತಗುಲಿತು, ಮುಂದೆ ಸರಿಯಲಿಲ್ಲ. ನಿಂತಲ್ಲೇ ಶಾಯಿ ಒಸರಿ, ಸಾಸಿವೆಯಷ್ಟಿದ್ದ ಚುಕ್ಕೆ ಹೆಸರುಕಾಳಿನಷ್ಟಾಯಿತು.

“ಅಯ್ಯೋ,” ಎಂದರು ಕಾನಿ-ಸಾನ್ ಮೆಲ್ಲಗೆ. “ಹೋಗ್ಲಿ ಬಿಡಿ, ಅದಕ್ಕೆ ರೆಕ್ಕೆ ಹಾಕಿದ್ರೆ ಕಡಲಹಕ್ಕಿ ಆಗತ್ತೆ.”

“ಕ್ಷಮಿಸಿ,” ಎಂದಳು ಹಿಸಾನೊ.

ಗೋಡೆಯ ಫೋನು ಬಡಿದುಕೊಂಡಿತು. ಗೊಬೊ-ಸಾನ್ ಎತ್ತಿ ಕೇಳಿ ಇಟ್ಟರು. “ಹತ್ತು ನಿಮಿಷ ಇದೆಯಂತೆ. ಮುಂದಿನವರು ಕಾಯ್ತಿದ್ದಾರಂತೆ, ಹೆಚ್ಚಿಗೆ ಕೊಡೋಕಾಗಲ್ವಂತೆ.”

ಎಲ್ಲರೂ ಲೋಟ ಜೋಡಿಸತೊಡಗಿದರು, ತಂತಿ ಸುತ್ತತೊಡಗಿದರು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಅವಸರಪಡಿಸದೆ ಇರಲು ಪಡುತ್ತಿದ್ದ ಪ್ರಯತ್ನ ಕೋಣೆಯ ತುಂಬ ಕಾಣುತ್ತಿತ್ತು. ಹಿಸಾನೊಳ ಕಿವಿ ಬಿಸಿಯಾಯಿತು. ಈ ಜನ ಕೆಟ್ಟವರಲ್ಲ. ಆ ಹುಡುಗಿ ಒಬ್ಬಳೇ ಉಳಿದಳಲ್ಲ ಎಂದು ಸಾಯುವಾಗಲೂ ನೊಂದ ಒಬ್ಬ ಹೆಂಗಸಿಗಾಗಿ ಬದಲಿಸಿದ ಕೊನೆಯನ್ನು ಬೇಡ ಎನ್ನುವ ತಾನೇ ಕೆಟ್ಟವಳು, ಎನ್ನಿಸಿತು. ಆದರೂ ಪೆನ್ನು ಕದಲಲಿಲ್ಲ.

ತೋಫು-ಸಾನ್ ಅವಳ ಪಕ್ಕ ಬಂದು ಕೂತರು. ಇಸ್ತ್ರಿಯ ಬಿಸಿ ತಾಗಿ ತಾಗಿ ಹೊಳಪೇರಿದ ಬೆರಳುಗಳಿಂದ ರಟ್ಟನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

“ಕಷ್ಟ ಆದ್ರೆ ಬಿಡಿ, ಶಿಜಿಮಿ-ಸಾನ್. ಬರೆಯೋದು ಎಲ್ಲರಿಗೂ ಬರಲ್ಲ. ನಿಮ್ಮ ಹೆಸರಲ್ಲಿ ನಾನೇ ಒಂದು ಸಾಲು ಹಾಕ್ತೀನಿ. ‘ಕೊನೆಗೂ ಅಕ್ಕ ಬಂದಳು’ ಅಂತ. ಸಾಕಲ್ವಾ?”

ಅವರು ಪೆನ್ನಿಗೆ ಕೈ ಚಾಚಿದರು. ಹಿಸಾನೊ ಕೊಡಲಿಲ್ಲ. ಕೊಡುತ್ತಿಲ್ಲ ಎನ್ನುವುದು ಅವಳಿಗೂ ಆಮೇಲೆಯೇ ತಿಳಿದದ್ದು. ಗೊಬೊ-ಸಾನ್ ತಂತಿ ಸುತ್ತುವುದನ್ನು ನಿಲ್ಲಿಸಿದರು.

“ಹಾಗೆ ಬರೀಬೇಡಿ, ತೋಫು-ಸಾನ್,” ಎಂದಳು ಅವಳು. ದನಿ ತೀರ ಸಣ್ಣದಿತ್ತು, ಆದರೆ ಕೋಣೆ ಅದಕ್ಕಿಂತ ಸುಮ್ಮನಿತ್ತು. “ನಮ್ಮಕ್ಕ ಬಂದಿಲ್ಲ.”